ಅಜ್ಜನ ಮಿಲಿಟರಿ ಚಾಕು: ಬೆನ್ನಿನ ಸೂಜಿ ತೆರೆಯುತ್ತಿಲ್ಲ, ಅಲಗಿಗೆ ಮೊನೆಯೂ ಇಲ್ಲ

ನಾಪೋಕ್ಲು ಕಾಫಿ:
ಎಲ್ಲರಿಗೂ ನಮಸ್ಕಾರ. ಅಜ್ಜ ಸೈನ್ಯದಲ್ಲಿದ್ದವರು. ಅವರ ಮಡಚುವ ಚಾಕು ಈಗ ನನ್ನ ಹತ್ತಿರ ಬಂದಿದೆ. ಕಪ್ಪು ಹಿಡಿ, ಮೇಲೆ ಚೌಕಳಿ ಗೀರು, ತುದಿಯಲ್ಲಿ ಒಂದು ಕಬ್ಬಿಣದ ಬಳೆ. ಮೂರು ತೊಂದರೆ ಇದೆ.

ದೊಡ್ಡ ಅಲಗಿನ ತುದಿ ಮೊಂಡಾಗಿದೆ. ಮುರಿದಿದೆ, ಉಜ್ಜಿ ಮೊನೆ ಮಾಡಿಕೊಡುತ್ತೇನೆ ಅಂತ ಸಾಣೆಯವರು ಹೇಳುತ್ತಿದ್ದಾರೆ. ಹಿಡಿಯ ಬೆನ್ನಿಗೆ ದಪ್ಪ ಸೂಜಿಯಂಥದ್ದು ಮಲಗಿದೆ. ಈ ಮಳೆಗಾಲದಲ್ಲಿ ಅದು ತುಕ್ಕು ಹಿಡಿದು ಅಲ್ಲಾಡುತ್ತಲೇ ಇಲ್ಲ. ಮೂರನೆಯದು, ಹಿಡಿಯಿಂದ ಬಿಚ್ಚುವ ಇನ್ನೊಂದು ತುಂಡು ಗಿಡುಗನ ಕೊಕ್ಕಿನ ಹಾಗೆ ಬಾಗಿದೆ. ಯಾಕೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೈಲ್ ಮುಹೂರ್ತಕ್ಕೆ ಕೋವಿ, ಒಡಿಕತ್ತಿ ಜೊತೆ ಇದನ್ನೂ ಪೂಜೆಗೆ ಇಡಬೇಕು ಅಂತ ಆಸೆ. ಏನು ಮಾಡಲಿ?

ಮಡಿಕೇರಿ ಚಾಕುಪ್ರಿಯ:
ಮೊದಲು ಸಾಣೆಗೆ ಕೊಡುವುದನ್ನು ನಿಲ್ಲಿಸಿ! ಆ ಅಲಗು ಬಹುಶಃ ಮುರಿದೇ ಇಲ್ಲ. ಇದಕ್ಕೆ ಶೀಪ್ಸ್‌ಫುಟ್ ಅಲಗು ಅಂತಾರೆ. ಬಾಯಿ, ಅಂದರೆ ಕೊಯ್ಯುವ ಅಂಚು, ಉದ್ದಕ್ಕೂ ನೇರ, ಬೆನ್ನು ತುದಿಯಲ್ಲಿ ಬಾಗಿ ಬಾಯಿಯನ್ನು ಬಂದು ಸೇರುತ್ತದೆ. ಚುಚ್ಚಬಾರದು, ಬರೀ ಕೊಯ್ಯಬೇಕು ಅಂತಲೇ ಹೀಗೆ ಮಾಡಿರುವುದು. ಓಲಾಡುವ ಹಡಗಿನಲ್ಲಿ ಹಗ್ಗ ಕೊಯ್ಯುವಾಗ ಮೊನೆ ಯಾರಿಗಾದರೂ ತಗುಲಿದರೆ ಅಪಾಯ ಅಲ್ವಾ? ಅದಕ್ಕೇ ನಾವಿಕರಿಗೆ ಈ ಆಕಾರ ಇಷ್ಟ.

ಬೆಳಕಿಗೆ ಹಿಡಿದು ಬೆನ್ನಿನ ಬಾಗು ನೋಡಿ. ಒಂದೇ ನಯವಾಗಿ ಇಳಿದಿದ್ದರೆ ಅದು ಕಾರ್ಖಾನೆಯ ಕೆಲಸ. ಮುರಿದ ಉಕ್ಕಿನ ಮುಖ ಒರಟು, ಹರಳು ಹರಳಾಗಿ ಕಾಣುತ್ತದೆ. ಇನ್ನೊಂದು ವಿಷಯ. ಚಾಕು ಮಡಚಿದಾಗ ಈ ಅಲಗಿನ ತುದಿ ಹಿಡಿಯ ಒಳಗೆ ಆಳಕ್ಕೆ ಕೂರುತ್ತದೆ. ಬಾಯಿ ಕಡೆಯಿಂದ ಉಜ್ಜಿ ಮೊನೆ ತೆಗೆದರೆ ಆ ಮೊನೆ ಬೆನ್ನಿನ ಮಟ್ಟಕ್ಕೆ ಏರುತ್ತದೆ. ಆಮೇಲೆ ಮಡಚಿದರೂ ಹೊರಗೆ ಚಾಚಿಕೊಂಡು ಜೇಬು ಹರಿಯುತ್ತದೆ, ಬೆರಳೂ ಕೊಯ್ಯುತ್ತದೆ. ಹರಿತ ಬೇಕಿದ್ದರೆ ಚಪ್ಪಟೆ ಕಲ್ಲಿನ ಮೇಲೆ ನೀವೇ ಮಸೆಯಿರಿ. ನೇರ ಬಾಯಿ ಮಸೆಯುವುದು ಸುಲಭ. ಮೆಣಸಿನ ಬಳ್ಳಿ ಕಟ್ಟಿದ ದಾರ ಕೊಯ್ಯಲು ಇದು ಬಹಳ ಒಳ್ಳೆಯದು, ಬಳ್ಳಿಗೆ ಚುಚ್ಚುವುದಿಲ್ಲ.

ಕೊಕ್ಕು ಡಬ್ಬಿ ಓಪನರ್. ಡಬ್ಬಿಯ ಅಂಚಿಗೆ ಸಿಕ್ಕಿಸಿ, ಮೊನೆಯನ್ನು ಮುಚ್ಚಳಕ್ಕೆ ಒತ್ತಿ, ಹಿಡಿಯನ್ನು ಮೀಟುತ್ತಾ ಮುಂದೆ ಹೋಗಬೇಕು. ಸೈನ್ಯದ ಚಾಕುಗಳಲ್ಲಿ ಇದು ಹಳೆಯ ಸಂಗತಿ. 1891ರ ಸ್ವಿಸ್ ಸೈನಿಕರ ಚಾಕುವಿನಲ್ಲೇ ಅಲಗಿನ ಜೊತೆ ಡಬ್ಬಿ ಓಪನರ್, ತೂತು ಕೊರೆಯುವ ರೀಮರ್, ಬಂದೂಕು ಬಿಚ್ಚಲು ಸ್ಕ್ರೂಡ್ರೈವರ್ ಇದ್ದವು.

ಸೋಮವಾರಪೇಟೆ ರಿಪೇರಿ:
ಸೂಜಿ ಬಿಡಿಸುವುದನ್ನು ನಾನು ಹೇಳುತ್ತೇನೆ. ಕಟಿಂಗ್ ಪ್ಲೇಯರ್ ಹಾಕಿ ಎಳೆಯಬೇಡಿ, ಸೂಜಿ ತಿರುಗುವ ಕೀಲಿಗೆ ಸುತ್ತಿಗೆಯಲ್ಲಿ ಬಡಿಯಬೇಡಿ. ಬೆಂಕಿಗಂತೂ ಹಿಡಿಯಲೇಬೇಡಿ, ಹಳೆಯ ಪ್ಲಾಸ್ಟಿಕ್ ಹಿಡಿ ಸೊಟ್ಟಗಾಗುತ್ತದೆ. ಕೀಲಿಗೆ ಮಾತ್ರ ತುಕ್ಕು ಬಿಡಿಸುವ ಡಬ್ಲ್ಯೂಡಿ-40 ಸ್ಪ್ರೇ ಅಥವಾ ಸೀಮೆಎಣ್ಣೆ ತೊಟ್ಟಿಕ್ಕಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೂಜಿಯ ಕೆಳಗೆ ಬಿದಿರಿನ ಚಕ್ಕೆ ತೂರಿಸಿ ಮೆಲ್ಲಗೆ ಮೀಟಿ. ಕೂದಲೆಳೆಯಷ್ಟು ಎದ್ದರೂ ಸಾಕು. ವಾಪಸ್ ಒತ್ತಿ, ಮತ್ತೆ ಎಣ್ಣೆ, ಮತ್ತೆ ಮೀಟಿ. ಕೆಂಪು ಕೆಸರು ಹೊರಗೆ ಬರುತ್ತದೆ. ಅದು ನಿಲ್ಲುವ ತನಕ ಒರೆಸುತ್ತಾ ಇರಿ. ಆಮೇಲೆ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ.

ಕೊಬ್ಬರಿ ಎಣ್ಣೆ ಮಾತ್ರ ಬೇಡ. 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿಯಾಗುತ್ತದೆ. ನಮ್ಮ ಕೊಡಗಿನ ಚಳಿಯಲ್ಲಿ ಕೀಲಿನೊಳಗೆ ಹೆಪ್ಪುಗಟ್ಟಿ ಕೂತರೆ ಮತ್ತೆ ಇದೇ ಪಾಡು. ಚರ್ಮದ ಚೀಲದಲ್ಲೂ ಇಡಬೇಡಿ, ಅದು ಥಂಡಿ ಹಿಡಿದಿಟ್ಟುಕೊಳ್ಳುತ್ತದೆ.

ವಿರಾಜಪೇಟೆ ಕಿತ್ತಳೆ:
ಹಿರಿಯರ ಕಾಲದ ಚಾಕುಗಳಲ್ಲಿ ಇಂಥ ವಿಶೇಷ ಬಹಳ. ಅಮೆರಿಕದ ಸ್ಟಾಕ್‌ಮನ್ ಚಾಕುವಿನಲ್ಲಿ ಸ್ಪೇ ಅಂತ ಮೊಂಡು ತುದಿಯ ಅಲಗು ಬರುತ್ತದೆ, ಕರುಗಳ ಬೀಜ ತೆಗೆಯಲು. ಕಸಿ ಚಾಕುವಿನಲ್ಲಿ ಹಿತ್ತಾಳೆಯ ಪುಟ್ಟ ನಾಲಿಗೆ ಇರುತ್ತದೆ, ಗಿಡದ ತೊಗಟೆ ಎಬ್ಬಿಸಿ ಕಣ್ಣು (ಮೊಗ್ಗು) ಕೂರಿಸಲು. ಮೊಂಡಾಗಿದೆ ಅಂತ ಅದನ್ನೂ ಸಾಣೆ ಹಿಡಿಸುವವರಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಕೊಡವರ ಸೊಂಟದ ಬಾಕು, ಹಳೆಯ ಪೀಚೆಕತ್ತಿಯ ಸರಪಳಿಯಲ್ಲೂ ಚಿಮುಟ, ಕಿವಿಕಡ್ಡಿ ನೇತಾಡುವುದು ನೋಡಿರಬಹುದು.

ನಾಪೋಕ್ಲು ಕಾಫಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಲಗಿನ ಬೆನ್ನು ನಯವಾಗಿಯೇ ಇದೆ, ಮುರಿದಿಲ್ಲ. ಸಾಣೆಯವರಿಗೆ ಬೇಡ ಅಂದೆ. ಸೂಜಿಯೂ ಎದ್ದಿತು, ಬಿದಿರಿನ ಚಕ್ಕೆಯ ಉಪಾಯ ಚೆನ್ನಾಗಿ ಕೆಲಸ ಮಾಡಿತು. ಈಗ ಅದನ್ನು ಬಳಸುವುದು ಹೇಗೆ?

ಮಡಿಕೇರಿ ಚಾಕುಪ್ರಿಯ:
ಅದು ಮಾರ್ಲಿನ್‌ಸ್ಪೈಕ್, ಹಗ್ಗದ ಕೆಲಸದ್ದು. ಮಳೆಗೆ ಬಿಗಿದ ಟಾರ್ಪಾಲಿನ ಗಂಟಿಗೆ ತೂರಿಸಿ ಅಲ್ಲಾಡಿಸಿದರೆ ಗಂಟು ಸಡಿಲ ಆಗುತ್ತದೆ, ಹಗ್ಗ ಕೊಯ್ಯಬೇಕಿಲ್ಲ. ಮೆಣಸಿನ ಏಣಿಯ ಹಗ್ಗಕ್ಕೆ ಗಂಟಿಲ್ಲದೆ ಕುಣಿಕೆಯನ್ನೂ ಮಾಡಬಹುದು. ತುದಿಯ ಮೂರು ಹುರಿ ಬಿಚ್ಚಿ, ಹಗ್ಗವನ್ನು ಬಳೆಯಂತೆ ಮಡಚಿ. ಸ್ಪೈಕ್‌ನಿಂದ ಹಗ್ಗದ ಒಂದು ಹುರಿ ಎತ್ತಿ, ಬಿಚ್ಚಿದ ಹುರಿಯೊಂದನ್ನು ಅದರಡಿ ನುಗ್ಗಿಸಿ, ಹೊಸೆದ ದಿಕ್ಕಿಗೆ ಎದುರಾಗಿ. ಪಕ್ಕದ ಹುರಿಯಡಿ ಎರಡನೆಯದು, ಅದರ ಪಕ್ಕ ಮೂರನೆಯದು. ಇದು ಒಂದು ಸುತ್ತು. ತೆಂಗಿನ ನಾರಿನ ಹಗ್ಗಕ್ಕೆ ಇಂಥ ಮೂರು ಸುತ್ತು ಸಾಕು. ನೈಲಾನ್ ಜಾರುತ್ತದೆ, ಅದಕ್ಕೆ ಐದಾದರೂ ಹಾಕಿ. ಯಾರಾದರೂ ಏಣಿ ಹತ್ತುವ ಮುಂಚೆ ಕುಣಿಕೆಯನ್ನು ಚೆನ್ನಾಗಿ ಜಗ್ಗಿ ನೋಡಿ.