‘ಮೊದಲಿನಂತೆ ಮಾಡಿಕೊಳ್ಳುವುದು’: ಕೈಪಿಡಿಗೆ ಯಾವ ಪದ?

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಲೆಕ್ಕ ಬರೆಯುವವರಿಗೂ ಇಲ್ಲಿನ ಡಿ.ಟಿ.ಪಿ. ಅಂಗಡಿಗಳವರಿಗೂ ನೆರವಾಗಲೆಂದು ಕಂಪ್ಯೂಟರ್ ಬಳಕೆಯ ಬಗ್ಗೆ ಕನ್ನಡದಲ್ಲಿ ಒಂದು ಕಿರು ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದದ್ದರಿಂದ ಇವರಲ್ಲಿ ಹಲವರು ವಿಂಡೋಸ್ 11ಕ್ಕೆ ಬಂದಿದ್ದಾರೆ. ಎಡಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿ ನಡುವಿಗೆ ಸರಿದು, ಬಲ ಕ್ಲಿಕ್ಕಿನ ಪಟ್ಟಿ ಮೊಟಕಾಗಿ, ಕೈಗೆ ರೂಢಿಯಾದ ಕೆಲಸ ನಿಧಾನವಾಗಿದೆ. ‘ಮೊದಲಿನಂಗ ಮಾಡಿ ಕೊಡ್ರಿ’ ಎಂದು ಕೇಳುತ್ತಾರೆ. ಇದನ್ನು ಬರಹದಲ್ಲಿ ಹೇಗೆ ಹೇಳಬೇಕೆಂಬುದು ನನ್ನ ಪ್ರಶ್ನೆ.

‘ಮರುಹೊಂದಿಕೆ’ ಎಂಬ ಪದವನ್ನು ನಾನು ಬಿಟ್ಟಿದ್ದೇನೆ. ಅದು ರೀಸೆಟ್‌ಗೆ, ಅಂದರೆ ವಿಂಡೋಸನ್ನೇ ಹೊಸದಾಗಿ ಹಾಕಿಕೊಳ್ಳುವುದಕ್ಕೆ, ಬಳಕೆಯಾಗುತ್ತಿದೆ, ಮತ್ತು ರೀಸೆಟ್‌ನಲ್ಲಿ ಎಲ್ಲ ಕಡತಗಳನ್ನೂ ಅಳಿಸುವ ಆಯ್ಕೆ ಇರುವುದರಿಂದ, ಗುಂಡಿಯನ್ನು ಎಡಕ್ಕೆ ಸರಿಸಲು ಹೊರಟವರು ವರ್ಷದ ಲೆಕ್ಕವನ್ನೇ ಕಳೆದುಕೊಳ್ಳುವ ಅಪಾಯವಿದೆ. ಕಸ್ಟಮೈಸೇಶನ್‌ಗೆ, ಅಂದರೆ ನಮಗೆ ಬೇಕಾದಂತೆ ಬದಲಿಸಿಕೊಳ್ಳುವುದಕ್ಕೆ, ಬಳಸುವ ‘ಗ್ರಾಹಕೀಕರಣ’ವಂತೂ ಬೇಡ, ಇಲ್ಲಿ ಗ್ರಾಹಕರ ಮಾತೇ ಇಲ್ಲ.

‘ಮರಳಿ ತರುವುದು’ ಎಂದರೆ ಸಾಕೆಂದು ಕೆಲವರು ಹೇಳಬಹುದು. ಆದರೆ ಆ ಒಂದೇ ಮಾತು ಬೇರೆ ಬೇರೆ ಕೆಲಸಗಳನ್ನು ಮುಚ್ಚಿಬಿಡುತ್ತದೆ. ಟಾಸ್ಕ್‌ಬಾರ್‌ನ ಸೆಟ್ಟಿಂಗ್ಸ್‌ನಲ್ಲಿ ಗುಂಡಿಯನ್ನು ಎಡಕ್ಕೆ ಹೊಂದಿಸಿಕೊಳ್ಳಬಹುದು. ಶಿಫ್ಟ್ ಒತ್ತಿ ಬಲ ಕ್ಲಿಕ್ ಮಾಡಿದರೆ ಹಳೆಯ ಪೂರ್ಣ ಪಟ್ಟಿ ಕಾಣುತ್ತದೆ. ಇವೆರಡೂ ವ್ಯವಸ್ಥೆಯ ಒಳಗೇ ಇರುವಂಥವು. ವಿಂಡೋಸ್ 7ರಂಥ ಸ್ಟಾರ್ಟ್ ಮೆನು ಬೇಕೆಂದರೆ ಮಾತ್ರ ಹೊರಗಿನ ತಂತ್ರಾಂಶ ಬೇಕು. ಕ್ಲಾಸಿಕ್ ಶೆಲ್ ಎಂಬ ತಂತ್ರಾಂಶದ ಮುಂದುವರಿಕೆಯಾದ ಓಪನ್-ಶೆಲ್ ಹಳೆಯ ಮೆನುವನ್ನು ಹಿಂದಕ್ಕೆ ತರುವುದಿಲ್ಲ, ಅದರ ಹೋಲಿಕೆಯಲ್ಲಿ ಬೇರೊಂದನ್ನು ಕಟ್ಟಿಕೊಡುತ್ತದೆ. ವಿಂಡೋಸ್‌ನಂಥದೇ ಇನ್ನೊಂದು ಕಾರ್ಯವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಮೂರನೆಯ ಬಗೆಯೂ ಉಂಟು: 2011ರಲ್ಲಿ ಅದರ ಪರದೆ, ಮೆನುಗಳನ್ನು ಒದಗಿಸುವ ಗ್ನೋಮ್ ತಂತ್ರಾಂಶದ ಮೂರನೆಯ ಆವೃತ್ತಿ, ಗ್ನೋಮ್ 3, ಬಂದು ಪರದೆಯ ವಿನ್ಯಾಸವೇ ಬದಲಾದಾಗ, ಗ್ನೋಮ್ 2ರ ಮೂಲ ಕೋಡನ್ನೇ ಎತ್ತಿಕೊಂಡು ಬೆಳೆಸಿದ್ದು ಮಾಟೆ ಎಂಬ ತಂತ್ರಾಂಶ. ಅದು ಮರಳಿ ತಂದದ್ದಲ್ಲ, ನಿಲ್ಲದಂತೆ ಮುಂದುವರಿಸಿದ್ದು.

ಬಳಸುವವರ ದೃಷ್ಟಿಯಿಂದ ಈ ಭೇದ ಮುಖ್ಯ. ಸೆಟ್ಟಿಂಗ್ಸ್‌ನಲ್ಲಿ ಮಾಡಿದ ಬದಲಾವಣೆ ಸಾಮಾನ್ಯವಾಗಿ ಉಳಿಯುತ್ತದೆ. ಹೊರಗಿನ ತಂತ್ರಾಂಶ ಮುಂದಿನ ಅಪ್‌ಡೇಟ್‌ಗೆ ಕೆಡಬಹುದು. ಕ್ರಿಯಾಪದವೇ ಆ ಎಚ್ಚರಿಕೆಯನ್ನು ಕೊಟ್ಟರೆ ಅಡಿಟಿಪ್ಪಣಿ ಬೇಕಾಗುವುದಿಲ್ಲ.

ಸದ್ಯಕ್ಕೆ ಮೊದಲನೆಯದಕ್ಕೆ, ಅಂದರೆ ವ್ಯವಸ್ಥೆಯ ಒಳಗೇ ಮಾಡುವ ಬದಲಾವಣೆಗೆ, ‘ಹಳೆಯ ರೂಪಕ್ಕೆ ಹೊಂದಿಸುವುದು’, ಎರಡನೆಯದಕ್ಕೆ, ಅಂದರೆ ಹೊರಗಿನ ತಂತ್ರಾಂಶಕ್ಕೆ, ‘ಹಳೆಯ ಮಾದರಿಯನ್ನು ಅಳವಡಿಸುವುದು’, ಮೂರನೆಯದಕ್ಕೆ ‘ಹಳೆಯದನ್ನು ಮುಂದುವರಿಸುವುದು’ ಎಂದು ಬರೆದಿದ್ದೇನೆ. ‘ಅಳವಡಿಸು’ ಎಂಬುದರಿಂದ ಹೊರಗಿನಿಂದ ತಂದು ಸೇರಿಸಿದ್ದೆಂಬ ಅರ್ಥ ಓದುಗರಿಗೆ ಹೊಳೆಯುತ್ತದೆಯೇ? ಎಲ್ಲಕ್ಕೂ ತಲೆಬರಹವಾಗಿ ನಮ್ಮ ಭಾಗದ ಮಾತಿಗೆ ಹತ್ತಿರವಾದ ‘ಮೊದಲಿನಂತೆ ಮಾಡಿಕೊಳ್ಳುವುದು’ ಎಂಬುದನ್ನೇ ಇಟ್ಟರೆ, ಮೈಸೂರು, ಮಂಗಳೂರಿನ ಕಡೆಯವರಿಗೂ ಸಹಜವೆನಿಸುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.