ಸಹಾಯ ಬೇಕು: 'ಲಿನಕ್ಸ್' ಅಂತ ಹೆಸರಿಟ್ಟರೆ ಜಿಸಿಸಿ ಅದನ್ನು 1 ಮಾಡ್ತಿದೆ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒದ್ದಾಡ್ತಿದ್ದೇನೆ.

ಜಿಸಿಸಿ ಕಂಪೈಲರ್ ಬಳಸಿ ಸಿ ಭಾಷೆಯಲ್ಲಿ ಒಂದು ಚಿಕ್ಕ ಲೈಬ್ರರಿ ಬರೆಯುತ್ತಿದ್ದೇನೆ. ಅದರ ಹೆಡರ್ ಫೈಲಿನಲ್ಲಿ (ಬಳಸುವವರು ತಮ್ಮ ಕೋಡ್‌ಗೆ ಸೇರಿಸಿಕೊಳ್ಳುವ ಫೈಲ್) ಒಂದು ಸ್ಟ್ರಕ್ಟ್ (ಹಲವು ವೇರಿಯೇಬಲ್‌ಗಳ ಗುಂಪು) ಇದೆ. ಅದರೊಳಗೆ ವಿಂಡೋಸ್, ಮ್ಯಾಕ್, ಲಿನಕ್ಸ್ ಅಂತ ಮೂರು ಇಂಟ್‌ಗಳು, ಎಲ್ಲವೂ ಸಣ್ಣ ಅಕ್ಷರದಲ್ಲಿ. ಮೊದಲ ಎರಡಕ್ಕೆ ತಕರಾರಿಲ್ಲ. ಮೂರನೇ ಸಾಲಿಗೆ ಮಾತ್ರ, ಸಂಖ್ಯೆಗೆ ಮುಂಚೆ ಐಡೆಂಟಿಫೈಯರ್ (ಹೆಸರು) ಇರಬೇಕಿತ್ತು ಅಂತ ಎರರ್. ನಾನು ಸಂಖ್ಯೆಯನ್ನೇ ಬರೆದಿಲ್ಲವಲ್ಲ! ಸೆಮಿಕೋಲನ್ ಬಿಟ್ಟಿರಬೇಕು ಅಂತ ಸುಮ್ನೆ ಅರ್ಧ ದಿನ ಹುಡುಕಿದೆ.

ಕೊನೆಗೆ ಪ್ರೀಪ್ರೊಸೆಸರ್ ಔಟ್‌ಪುಟ್ ತೆಗೆದು ನೋಡಿದರೆ ಆ ಹೆಸರಿನ ಜಾಗದಲ್ಲಿ 1 ಕೂತಿದೆ. ಜಿಸಿಸಿಯೇ ಮೊದಲೇ ಅದನ್ನು ಮ್ಯಾಕ್ರೊ (ಕಂಪೈಲ್‌ಗೆ ಮುಂಚೆ ಬೇರೆ ಪಠ್ಯವಾಗಿ ಬದಲಾಗುವ ಹೆಸರು) ಮಾಡಿಟ್ಟಿರುತ್ತದಂತೆ. 'ಯುನಿಕ್ಸ್' ಕೂಡ ಹಾಗೇ.

ಸ್ಟ್ಯಾಂಡರ್ಡ್ ಆಯ್ಕೆಯನ್ನು ಸಿ11 (ಕಟ್ಟುನಿಟ್ಟಾದ ಸಿ ಸ್ಟ್ಯಾಂಡರ್ಡ್) ಅಂತ ಕೊಟ್ಟು ನೋಡಿದೆ. ಎರರ್ ಹೋಯಿತು. ಆದರೆ ಈಗ ಸ್ಟ್ರಿಂಗ್ ನಕಲು ಮಾಡುವ ಫಂಕ್ಷನ್ ಆದ ಸ್ಟ್ರ್‌ಡಪ್ ಡಿಕ್ಲೇರ್ ಆಗಿಲ್ಲ ಅನ್ನುತ್ತಿದೆ. ಜಿಎನ್‌ಯು11 (ಅದರ ಜೊತೆ ಜಿಸಿಸಿಯ ಹೆಚ್ಚುವರಿಗಳೂ ಇರುವ ಮೋಡ್) ಕೊಟ್ಟರೆ ಸ್ಟ್ರ್‌ಡಪ್ ಸರಿ, ಹಳೇ ಎರರ್ ವಾಪಸ್. ಹೆಡರ್‌ನಲ್ಲೇ ಅನ್‌ಡೆಫ್ (ಮ್ಯಾಕ್ರೊ ರದ್ದು ಮಾಡುವ ಸಾಲು) ಹಾಕಿದರೆ ಕಂಪೈಲ್ ಆಗುತ್ತದೆ. ಆದರೆ ನನ್ನ ಹೆಡರ್ ಬಳಸುವವರ ಕೋಡ್‌ನಲ್ಲಿ ಅದೇ ಹೆಸರಿನ ಇಫ್‌ಡೆಫ್ (ಮ್ಯಾಕ್ರೊ ಇದೆಯಾ ಅಂತ ನೋಡುವ ಸಾಲು) ಇದ್ದರೆ ಕೆಡುತ್ತದೆ, ಅಲ್ವಾ? ಎರಡೂ ಕಡೆ ಎರಡೆರಡು ಅಂಡರ್‌ಸ್ಕೋರ್ ಇರುವ ರೂಪ ಹೇಗೂ ಉಳಿಯುತ್ತದೆ, ನಿಜ. ಆದರೂ ಹಳೇ ಕೋಡ್ ಬರೆದವರು ಅದನ್ನೇ ಬಳಸಿರುತ್ತಾರೆ ಅಂತ ಏನು ಗ್ಯಾರಂಟಿ?

ನನ್ನ ಪ್ರಶ್ನೆ ಇಷ್ಟೇ. ಸಿ11 ಇಟ್ಟುಕೊಂಡು ಸ್ಟ್ರ್‌ಡಪ್‌ನಂಥ ಫಂಕ್ಷನ್‌ಗಳನ್ನು ಸಿಗುವಂತೆ ಮಾಡುವ ಪೋಸಿಕ್ಸ್ ಫೀಚರ್ ಮ್ಯಾಕ್ರೊವನ್ನು 200809 ಅಂತ ಡಿಫೈನ್ ಮಾಡಿದರೆ ಸಾಕಾ? ಅಥವಾ ಬಳಸುವವರು ಜಿಎನ್‌ಯು ಮೋಡ್‌ನಲ್ಲಿ ಕಂಪೈಲ್ ಮಾಡಿದಾಗ ಮತ್ತೆ ಒಡೆಯುತ್ತದೆ ಅಂತ ಆ ಹೆಸರನ್ನೇ ಬದಲಿಸಬೇಕಾ?