ಸಹಾಯ ಬೇಕು: ಅಜ್ಜನ ಎನ್‌ಫೀಲ್ಡ್ ರಿವಾಲ್ವರ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬದಿಯಡ್ಕದ ಹತ್ತಿರ. ಮಿಲಿಟರಿಯಲ್ಲಿದ್ದ ಅಜ್ಜನ ಲೈಸೆನ್ಸ್ ರಿವಾಲ್ವರ್ ಒಂದಿದೆ. ಅವರು ತೀರಿಕೊಂಡ ಮೇಲೆ ಸ್ಟೇಷನ್ನಿನಲ್ಲಿ ಡೆಪಾಸಿಟ್ ಮಾಡಿದ್ದೆವು. ಈಗ ಅಪ್ಪನ ಹೆಸರಿಗೆ ಲೈಸೆನ್ಸ್ ಆಗಿ ಮನೆಗೆ ಬಂದಿದೆ.

ಬದಿಯಲ್ಲಿ ಕಿರೀಟದ ಗುರುತು, ಅದರ ಕೆಳಗೆ ಎನ್‌ಫೀಲ್ಡ್ ನಂಬರ್ 2 ಮಾರ್ಕ್ 1, ಪಕ್ಕದಲ್ಲಿ ನಕ್ಷತ್ರ, 1941. ಪಾಯಿಂಟ್ 38 ಬೋರ್, ಆರು ಗುಂಡಿನದು. ಕುದುರೆಗೆ (ಗುಂಡಿನ ಹಿಂಬದಿಗೆ ಹೊಡೆಯುವ ಸುತ್ತಿಗೆಯಂಥ ಭಾಗ) ಹೆಬ್ಬೆರಳಿನಿಂದ ಎಳೆಯುವ ಹಿಂದಿನ ಕೊಕ್ಕೆ ಇಲ್ಲ. ನೋಡಿದವರೆಲ್ಲ ಮುರಿದಿದೆ ಅಂತಾರೆ, ಆದರೆ ಈ ಮಾಡೆಲ್ ಬಂದದ್ದೇ ಹಾಗೆ. ಟ್ಯಾಂಕಿನೊಳಗೆ ಹತ್ತಿ ಇಳಿಯುವಾಗ ಸಿಕ್ಕಿಕೊಳ್ಳಬಾರದು ಅಂತ ಕೊಕ್ಕೆ ತೆಗೆದಿದ್ದರು.

ನಮ್ಮ ಮಳೆಗಾಲ ಗೊತ್ತಲ್ವಾ, ಹಿಡಿಯ ಅಂಚಿನಲ್ಲಿ ಕಂದು ತುಕ್ಕು ಹಿಡಿದಿದೆ. ನಳಿಗೆಯೊಳಗೂ ಸಣ್ಣ ಸಣ್ಣ ಗುಳಿ ಕಾಣುತ್ತವೆ. ಅಂಗಡಿಯವರು ಉಜ್ಜಿ ಹೊಸ ಬಣ್ಣ ಹಾಕಿಸಿ ಅನ್ನುತ್ತಾರೆ. ನನಗೆ ಒಂಚೂರೂ ಮನಸ್ಸಿಲ್ಲ. ಉಜ್ಜಿದರೆ ಹಳೇ ಗುರುತುಗಳು ಸವೆದು ಹೋಗುತ್ತವೆ, ಸಂಗ್ರಹಕಾರರು ನೋಡುವುದೇ ಅದನ್ನು. ಎಣ್ಣೆ ಹಾಕಿ ಬಟ್ಟೆಯಲ್ಲಿ ಒರೆಸಿದರೆ ಸಾಕಾ?

ಇನ್ನೊಂದು ವಿಷಯ. ನಳಿಗೆಯ ನಂಬರೂ ಚೌಕಟ್ಟಿನ ನಂಬರೂ ಒಂದೇ, ಸಿಲಿಂಡರ್ (ಗುಂಡು ತುಂಬುವ, ತಿರುಗುವ ಭಾಗ) ನಂಬರ್ ಮಾತ್ರ ಬೇರೆ. ಸೈನ್ಯದಲ್ಲೇ ರಿಪೇರಿ ಮಾಡುವಾಗ ಬದಲಾಯಿಸಿರಬಹುದಾ? ಇದರಿಂದ ಬೆಲೆ ಜಾಸ್ತಿ ಇಳಿಯುತ್ತದಾ? ಮಾರುವುದಕ್ಕಲ್ಲ, ಮನೆಯಲ್ಲೇ ಉಳಿಯಬೇಕು.

ಕಾಸರಗೋಡು, ಮಂಗಳೂರು ಕಡೆ ಮಿಲಿಟರಿಯಲ್ಲಿ ಆರ್ಮರರ್ (ಬಂದೂಕು ರಿಪೇರಿ ಮಾಡುವವರು) ಆಗಿದ್ದ ಹಿರಿಯರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಗುಂಡು ಹಾಕುವ ಮೊದಲು ನಳಿಗೆ, ಸಿಲಿಂಡರ್ ಅಲುಗದಂತೆ ಹಿಡಿಯುವ ಲಾಕ್ ಗಟ್ಟಿ ಇದೆಯಾ ಅಂತ ಅವರ ಕೈಯಲ್ಲೇ ನೋಡಿಸಬೇಕು.